ಎಂಟು ವಾರದಲ್ಲಿ ಕಟ್ಟಿದ ದಂಡು

ಕೇಳುಗರಿಗೆ ನಮಸ್ಕಾರ.

1914ರ ಆಗಸ್ಟ್ 16. ಮೊದಲ ಮಹಾಯುದ್ಧ ಆರಂಭವಾಗಿ ಇನ್ನೂ ಮೂರು ವಾರ ಕಳೆದಿರಲಿಲ್ಲ. ಅಂದು ಬರ್ಲಿನ್ನಿನಲ್ಲಿ ಪ್ರಷ್ಯಾದ ಯುದ್ಧ ಸಚಿವಾಲಯ ಹೊಸ ಮೀಸಲು ಕೋರ್‌ಗಳನ್ನು ಕಟ್ಟುವಂತೆ ಆಜ್ಞೆ ಹೊರಡಿಸಿತು. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಆ ಕೋರ್‌ಗಳ ಹುಡುಗರು ರೈಲು ಹತ್ತಿ ಬೆಲ್ಜಿಯಂ ಕಡೆಗೆ ಹೊರಟಿದ್ದರು. ನಡುವೆ ಸಿಕ್ಕಿದ್ದು ಸುಮಾರು ಎಂಟು ವಾರ. ಅವುಗಳಲ್ಲಿ ಒಂದಾದ 22ನೇ ಮೀಸಲು ಕೋರ್ ಹುಟ್ಟಿದ ಬಗೆಯನ್ನು ಇಂದು ಹೇಳುತ್ತೇನೆ.

ಕೋರ್ ಎಂದರೆ ಎರಡು ಡಿವಿಷನ್‌ಗಳೂ ಅವುಗಳ ಮೇಲೊಂದು ಕೇಂದ್ರ ಕಚೇರಿಯೂ ಸೇರಿದ ದೊಡ್ಡ ದಂಡು. ಜರ್ಮನಿಯಲ್ಲಿ ಕಡ್ಡಾಯ ಸೈನ್ಯಸೇವೆ ಇತ್ತು. ಕಾಲಾಳು ದಳದಲ್ಲಿ ಎರಡು ವರ್ಷ ದುಡಿದು ಮನೆಗೆ ಮರಳಿದವನ ಹೆಸರು ಮೀಸಲು ಪಟ್ಟಿಗೆ ಸೇರುತ್ತಿತ್ತು. ಯುದ್ಧ ಬಂದ ಕೂಡಲೇ ಇಂಥವರನ್ನು ಮರಳಿ ಕರೆದು ಮೀಸಲು ಕೋರ್‌ಗಳನ್ನು ನಿಲ್ಲಿಸುವ ಲೆಕ್ಕಾಚಾರ ಶಾಂತಿಕಾಲದಲ್ಲೇ ಸಿದ್ಧವಾಗಿತ್ತು. ಆಗಸ್ಟ್ ಆರಂಭದಲ್ಲಿ ಅದು ಸಲೀಸಾಗಿ ನಡೆಯಿತು. ಶಾಂತಿಕಾಲದಲ್ಲೂ ಸಜ್ಜಾಗಿರುತ್ತಿದ್ದ ಸಕ್ರಿಯ ಡಿವಿಷನ್ನಿಗೆ 72 ಫಿರಂಗಿಗಳಿದ್ದರೆ ಮೀಸಲು ಡಿವಿಷನ್ನಿಗೆ 36. ಭಾರೀ ಹೊವಿಟ್ಜರ್‌ಗಳು ಇರಲೇ ಇಲ್ಲ. ಆದರೂ ಸೈನಿಕರು ಪಳಗಿದವರಾಗಿದ್ದರು. ಈ ಮೀಸಲು ದಂಡು ಮುಂಚೂಣಿಗೇ ಬರುತ್ತದೆಂದು ಫ್ರೆಂಚ್ ಸೇನಾಧಿಕಾರಿಗಳು ಎಣಿಸಿರಲಿಲ್ಲ. ಅದಕ್ಕೆ ಅವರು ಭಾರೀ ಬೆಲೆ ತೆತ್ತರು.

ಆಗಸ್ಟ್ 16ರ ಆಜ್ಞೆಯ ಕಥೆ ಬೇರೆ. ಪಳಗಿದವರೆಲ್ಲ ಆಗಲೇ ಗಡಿಯಲ್ಲಿದ್ದರು. ಉಳಿದವರು ಮೂರು ಬಗೆಯವರು: ಉತ್ಸಾಹದಿಂದ ತಾವಾಗಿಯೇ ಬಂದ ತರುಣರು, ಹಿಂದೆ ತರಬೇತಿಗೆ ಕರೆಸಿಕೊಳ್ಳದೆ ಬಿಟ್ಟಿದ್ದವರು, ಸೇವೆ ಮುಗಿಸಿ ಎಷ್ಟೋ ವರ್ಷವಾಗಿದ್ದ ನಡುವಯಸ್ಸಿನವರು. ಇವರನ್ನು ಒಟ್ಟುಗೂಡಿಸುವ ಹೊಣೆ ಊರಲ್ಲೇ ಉಳಿದ ಪ್ರಾದೇಶಿಕ ಸೇನಾ ಕಚೇರಿಗಳ ಮೇಲೆ ಬಿತ್ತು. ಸಕ್ರಿಯ ಕೋರ್‌ಗಳ ಸಂಖ್ಯೆ 21ಕ್ಕೆ ಮುಗಿದಿತ್ತು. ಹಾಗಾಗಿ ಹೊಸ ಮೀಸಲು ಕೋರ್‌ಗಳಿಗೆ 22ರಿಂದ 27ರವರೆಗಿನ ಸಂಖ್ಯೆ ಕೊಟ್ಟರು. ಕೊನೆಯದನ್ನು ಸ್ಯಾಕ್ಸನಿ ಮತ್ತು ವ್ಯೂರ್ಟೆಂಬರ್ಗ್ ಕೂಡಿ ಕಟ್ಟಿದವು. ಆರು ಕೋರ್, ಹನ್ನೆರಡು ಡಿವಿಷನ್, ಡಿವಿಷನ್ನಿಗೆ ನಾಲ್ಕರಂತೆ 48 ಕಾಲಾಳು ರೆಜಿಮೆಂಟು. ಅವುಗಳ ಸಂಖ್ಯೆ 201ರಿಂದ 248. 22ನೇ ಕೋರ್‌ನ ಪಾಲಿಗೆ 43 ಮತ್ತು 44ನೇ ಮೀಸಲು ಡಿವಿಷನ್‌ಗಳು, 201ರಿಂದ 208ರವರೆಗಿನ ರೆಜಿಮೆಂಟುಗಳು ಬಂದವು. ಅದರ ಮುಖ್ಯಸ್ಥ ಅಶ್ವದಳದ ಜನರಲ್ ಓಯ್ಗೆನ್ ಫಾನ್ ಫಾಲ್ಕೆನ್‌ಹೈನ್. ಆಗ ಯುದ್ಧ ಸಚಿವನಾಗಿದ್ದು, ಸೆಪ್ಟೆಂಬರ್‌ನಲ್ಲಿ ಇಡೀ ಜರ್ಮನ್ ಸೇನೆಯ ಚುಕ್ಕಾಣಿ ಹಿಡಿದ ಎರಿಕ್ ಫಾನ್ ಫಾಲ್ಕೆನ್‌ಹೈನ್‌ನ ಅಣ್ಣ ಈತ.

ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು. ಆದರೆ ರೆಜಿಮೆಂಟಿಗೆ ಸಂಖ್ಯೆ ಕೊಟ್ಟಷ್ಟು ಸುಲಭವಾಗಿ ಹವಾಲ್ದಾರರನ್ನು ಹುಟ್ಟಿಸಲಾಗುವುದಿಲ್ಲ. ಗುಂಡು ಹಾರುವಾಗ ಹುಡುಗರನ್ನು ನೆಲಕ್ಕೆ ಒರಗಿಸಿ, ಸಣ್ಣ ಗುಂಪುಗಳಾಗಿ ಮುಂದೆ ಕರೆದೊಯ್ಯುವವನು ಆತ. ಅಂಥವರ ಜಾಗದಲ್ಲಿ ನಿವೃತ್ತ ಅಧಿಕಾರಿಗಳೂ ಹೊಸ ಯುದ್ಧವಿದ್ಯೆಯ ಅರಿವಿಲ್ಲದ ಹಳಬರೂ ನಿಂತರು. ಉಡುಪು, ಸಲಕರಣೆ ಎಲ್ಲಕ್ಕೂ ಕೊರತೆ. ಅದೇ ಹೊತ್ತಿನಲ್ಲಿ ಕಟ್ಟಿದ ಬವೇರಿಯಾದ ಒಂದು ಮೀಸಲು ರೆಜಿಮೆಂಟಿಗೆ ಮೊನೆಯುಳ್ಳ ಶಿರಸ್ತ್ರಾಣ ಸಿಗದೆ ಹಳೆಯ ಟೋಪಿ ಕೊಟ್ಟಿದ್ದರು. ಅದನ್ನು ನೋಡಿ ಇಂಗ್ಲಿಷರೆಂದು ಭ್ರಮಿಸಿ ಜರ್ಮನ್ನರೇ ಅವರ ಮೇಲೆ ಗುಂಡು ಹಾರಿಸಿದರು.

207ನೇ ರೆಜಿಮೆಂಟಿನಲ್ಲಿ ಪೀಟರ್ ಕೋಲ್ವಿಟ್ಜ್ ಎಂಬ ಹದಿನೆಂಟು ವರ್ಷದ ಹುಡುಗನಿದ್ದ. ಪ್ರಸಿದ್ಧ ಕಲಾವಿದೆ ಕೇಟೆ ಕೋಲ್ವಿಟ್ಜ್ ಅವನ ತಾಯಿ. ತಂದೆ ಕಾರ್ಲ್ ಬರ್ಲಿನ್ನಿನ ವೈದ್ಯರು. ಹುಡುಗ ಪ್ರಾಯಕ್ಕೆ ಬಂದಿರದ ಕಾರಣ ಸೇನೆಗೆ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಒಪ್ಪಲಿಲ್ಲ. ತಾಯಿಯೇ ಮಗನ ಪರವಾಗಿ ಮಾತನಾಡಿ ಒಪ್ಪಿಸಿದರು. ಅಕ್ಟೋಬರ್ 22ರ ರಾತ್ರಿ ಡಿಕ್ಸ್‌ಮೌಡೆ ಊರಿನ ಬಳಿ ಪೀಟರ್ ಸತ್ತ. ಮುಂಚೂಣಿಗೆ ಬಂದು ಕೆಲವೇ ದಿನಗಳಾಗಿದ್ದವು. ಆ ತಾಯಿ ಮಗನ ಸ್ಮಾರಕಕ್ಕಾಗಿ ವರ್ಷಗಟ್ಟಲೆ ದುಡಿದರು. ಮೊಣಕಾಲೂರಿ ಕುಳಿತ ತಂದೆತಾಯಿಯರ ಎರಡು ಶಿಲ್ಪಗಳು 1932ರಲ್ಲಿ ಬೆಲ್ಜಿಯಂನ ಸ್ಮಶಾನಕ್ಕೆ ಬಂದವು.

ಡಿಕ್ಸ್‌ಮೌಡೆಯಲ್ಲಿ 22ನೇ ಕೋರ್‌ನ ಎದುರು ನಿಂತವರು ಬೆಲ್ಜಿಯನ್ನರು ಮತ್ತು ಅಡ್ಮಿರಲ್ ರೋನಾರ್ಕ್ ಕೈಕೆಳಗಿನ ಫ್ರೆಂಚ್ ನಾವಿಕರು. ತಗ್ಗಾದ ಬಯಲು, ಎಲ್ಲೆಲ್ಲೂ ಕಾಲುವೆ. ಫಿರಂಗಿಗಳ ಸರಿಯಾದ ಬೆಂಬಲವಿಲ್ಲದೆ ಹೊಸ ರೆಜಿಮೆಂಟುಗಳು ಒತ್ತೊತ್ತಾಗಿ ನುಗ್ಗಿ ಸಾಲುಸಾಲಾಗಿ ಬಿದ್ದವು. ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯನ್ನರು ಕರಾವಳಿಯ ನ್ಯೂಪೋರ್ಟ್ ಊರಿನ ತೂಬುಗಳನ್ನೆತ್ತಿ ಸಮುದ್ರದ ನೀರನ್ನು ಬಯಲಿಗೆ ಬಿಟ್ಟರು. ನವೆಂಬರ್ 10ರಂದು ಡಿಕ್ಸ್‌ಮೌಡೆ ಜರ್ಮನ್ನರ ವಶವಾಯಿತು, ಆದರೆ ಅದರಾಚೆಗೆ ದಾರಿ ಇರಲಿಲ್ಲ.

ಮರುದಿನ ಜರ್ಮನ್ ಸೇನಾ ಪ್ರಕಟಣೆ ಬೇರೊಂದು ಸುದ್ದಿ ಹೇಳಿತು. ಬೆಲ್ಜಿಯಂನ ಲಾಂಗೆಮಾರ್ಕ್ ಊರಿನ ಪಶ್ಚಿಮಕ್ಕೆ ತರುಣ ರೆಜಿಮೆಂಟುಗಳು ದೇಶಭಕ್ತಿ ಗೀತೆ ಹಾಡುತ್ತಾ ಶತ್ರುವಿನ ಸಾಲಿಗೆ ನುಗ್ಗಿ ಗೆದ್ದವಂತೆ. ಕಾದಾಟ ನಡೆದದ್ದು ಅಲ್ಲಿಂದ ಕೆಲವು ಕಿಲೋಮೀಟರ್ ದೂರದ ಬಿಕ್ಸ್‌ಶೋಟೆ ಬಳಿ. ಸತ್ತವರೆಲ್ಲ ವಿದ್ಯಾರ್ಥಿಗಳೆಂಬ ಮಾತೂ ಸೇರಿಕೊಂಡಿತು. ನಿಜದಲ್ಲಿ ವಿದ್ಯಾರ್ಥಿಗಳ ಪಾಲು ಚಿಕ್ಕದು. ಈ ಕಥೆಯನ್ನು ಮುಂದೆ ನಾಜಿಗಳು ಮನಸಾರೆ ಬಳಸಿಕೊಂಡರು. ತರಬೇತಿಯಿಲ್ಲದ ಮಕ್ಕಳನ್ನು ಮೆಷಿನ್‌ಗನ್‌ಗಳ ಮುಂದೆ ನಿಲ್ಲಿಸಿದವರ ಹೊಣೆಯನ್ನು ಹಾಡಿನ ಕೆಳಗೆ ಹೂತುಹಾಕಿದ್ದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಈ ಕೋರ್‌ಗಳು ಮತ್ತೆ ಚೇತರಿಸಿಕೊಂಡವು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಕ್ಲೋರಿನ್ ವಿಷಾನಿಲ ಬಿಟ್ಟು ಮುನ್ನುಗ್ಗಿದವು 23 ಮತ್ತು 26ನೇ ಮೀಸಲು ಕೋರ್‌ಗಳು. ಅವನ್ನು ತಡೆಯಲು ನಾಲ್ಕು ದಿನಗಳ ನಂತರ ಕಣಕ್ಕಿಳಿದವರಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ನಿನ ಸೈನಿಕರೂ ಇದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ 22ನೇ ಕೋರ್ ಸೆರ್ಬಿಯಾದ ಬೆಲ್‌ಗ್ರೇಡ್ ಮೇಲಿನ ದಾಳಿಯಲ್ಲಿ ಪಾಲ್ಗೊಂಡಿತು.

ಹೊಸ ದಂಡು ಕಟ್ಟುವ ಕ್ರಮವನ್ನು ಯುದ್ಧ ಸಚಿವಾಲಯ ಅಷ್ಟರಲ್ಲೇ ಬದಲಾಯಿಸಿತ್ತು. 1915ರ ಆರಂಭದಲ್ಲಿ ಅಲ್ಲಿನ ಅಧಿಕಾರಿ ಎರ್ನ್ಸ್ಟ್ ಫಾನ್ ವ್ರಿಸ್‌ಬೆರ್ಗ್ ಒಂದು ಯೋಜನೆ ಮುಂದಿಟ್ಟ. ನಾಲ್ಕು ರೆಜಿಮೆಂಟಿನ ಹಳೆಯ ಡಿವಿಷನ್ನಿನಿಂದ ಒಂದನ್ನು ಬಿಡಿಸಿಕೊಂಡು, ಅಂಥ ಮೂರನ್ನು ಸೇರಿಸಿ ಹೊಸ ಡಿವಿಷನ್ ಮಾಡುವುದು; ತೆರವಾದ ಕಡೆ ಹೊಸಬರನ್ನು ಪಳಗಿದವರ ನಡುವೆ ತುಂಬುವುದು. ಮಾರ್ಚ್‌ನಿಂದ ಈ ರೀತಿಯ ಡಿವಿಷನ್‌ಗಳು ಹುಟ್ಟತೊಡಗಿದವು. 207ನೇ ರೆಜಿಮೆಂಟಿಗೆ ಹಿಂದಿನ ಆಗಸ್ಟ್‌ನಲ್ಲೇ ಆ ಕ್ರಮ ಬೇಕಿತ್ತು.