ಗ್ರಹಕ್ಕೂ ಒಂದು ಮುಚ್ಚಳ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಅಡುಗೆಮನೆಯಲ್ಲಿರುತ್ತೀರಿ, ಒಲೆಯ ಮೇಲೆ ಕುಕ್ಕರ್ ಕೂತಿರುತ್ತದೆ. ಒಳ್ಳೆಯದೇ ಆಯಿತು, ಇವತ್ತಿನ ಮಾತಿಗೆ ಅದು ಬೇಕು.

ಒಂದು ಗ್ರಹದಲ್ಲಿ ಜೀವ ಇರಬೇಕಾದರೆ ಏನಿರಬೇಕು? ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ: ಸೂರ್ಯನಿಂದ ಸರಿಯಾದ ದೂರದಲ್ಲಿರಬೇಕು. ಪತ್ರಿಕೆಗಳದ್ದೂ ಇದೇ ಪಾಠ. ಯಾವುದೋ ನಕ್ಷತ್ರದ ಸುತ್ತ ಒಂದು ಗ್ರಹ ಹದವಾದ ದೂರದಲ್ಲಿದೆ ಎಂದು ಗೊತ್ತಾದರೆ ಸಾಕು, ಮರುದಿನವೇ ‘ಎರಡನೇ ಭೂಮಿ ಪತ್ತೆ’ ಎಂದು ದಪ್ಪಕ್ಷರ. ಹಾಗಾದರೆ ಚಂದ್ರ ಏನು ಪಾಪ ಮಾಡಿದ? ಅವನೂ ಸೂರ್ಯನಿಂದ ನಮ್ಮಷ್ಟೇ ದೂರ, ಸುಮಾರು 15 ಕೋಟಿ ಕಿಲೋಮೀಟರ್. ಅಲ್ಲಿ ನಡುಹಗಲು 120 ಡಿಗ್ರಿ ಸೆಲ್ಸಿಯಸ್, ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ. ಹರಿಯುವ ನೀರು ಒಂದು ಹನಿ ಇಲ್ಲ. ದೂರ ಸರಿಯಾಗಿದೆ, ಗಾಳಿ ಇಲ್ಲ.

ನಾನು ಹೇಳಲು ಬಂದಿರುವುದು ಇದೊಂದೇ. ಗ್ರಹ ಗಾಳಿಯನ್ನು ಹಿಡಿದಿಟ್ಟುಕೊಳ್ಳಬೇಕು. ಗಾಳಿ ಹೋದರೆ ನೀರು ಹೋಯಿತು.

ಯಾಕೆ ಅಂತ ಕುಕ್ಕರ್ ಹೇಳುತ್ತದೆ. ಮಂಗಳೂರಿನ ಕಡಲತೀರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅಲ್ಲಿ 97ಕ್ಕೇ ಕುದಿ ಬರುತ್ತದೆ. ಇನ್ನೂ ಎತ್ತರದ ಲಡಾಖಿನ ಲೇಹ್‌ನಲ್ಲಿ 88ಕ್ಕೆ, ಅದಕ್ಕೇ ಅಲ್ಲಿ ಬೇಳೆ ಕುದಿಯುತ್ತಲೇ ಇರುತ್ತದೆ, ಬೇಯುವುದಿಲ್ಲ. ಕುಕ್ಕರಿನ ಮುಚ್ಚಳ ಹಾಕಿ ವೆಯ್ಟ್ ಇಟ್ಟರೆ ಒಳಗಿನ ಒತ್ತಡ ಇಮ್ಮಡಿಯಾಗಿ ನೀರು 120 ಡಿಗ್ರಿಯವರೆಗೂ ನೀರಾಗಿಯೇ ಉಳಿಯುತ್ತದೆ. ಅಂದರೆ ನೀರನ್ನು ನೀರಾಗಿ ಇಡುವುದು ಮೇಲಿನ ಒತ್ತಡ. ಗಾಳಿಯ ಒತ್ತಡವನ್ನು ಮಿಲಿಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಕಡಲಮಟ್ಟದಲ್ಲಿ ಅದು 1013. ಅದನ್ನು ಇಳಿಸುತ್ತ ಇಳಿಸುತ್ತ 6 ಮಿಲಿಬಾರಿಗೆ ತಂದರೆ ನೀರು ಸೊನ್ನೆ ಡಿಗ್ರಿಗೇ ಕುದಿಯುತ್ತದೆ. ಇನ್ನೂ ಇಳಿಸಿದರೆ ಮಂಜುಗಡ್ಡೆ ಕರಗುವುದೇ ಇಲ್ಲ; ಬೀರುವಿನಲ್ಲಿಟ್ಟ ನುಸಿಗುಳಿಗೆಯ ಹಾಗೆ ನೇರವಾಗಿ ಆವಿಯಾಗುತ್ತದೆ. ಈ 6 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ.

1965ರ ಜುಲೈ. ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳನ ಪಕ್ಕದಲ್ಲಿ ಹಾದುಹೋಯಿತು. 22 ಚಿತ್ರ ತೆಗೆದು ಟೇಪಿನಲ್ಲಿ ತುಂಬಿಕೊಂಡಿತು. ಅದು ಕಳಿಸುತ್ತಿದ್ದ ವೇಗ ಸೆಕೆಂಡಿಗೆ ಎಂಟು ಬಿಟ್ ಚಿಲ್ಲರೆ, ಒಂದೊಂದು ಚಿತ್ರ ಬರಲು ಎಂಟು ಗಂಟೆ! ಟೇಪ್ ಯಂತ್ರ ಕೆಲಸ ಮಾಡಿದೆಯೋ ಇಲ್ಲವೋ ಎಂದು ಕ್ಯಾಲಿಫೋರ್ನಿಯಾದ ಪ್ರಯೋಗಾಲಯದ ಎಂಜಿನಿಯರುಗಳಿಗೆ ಆತಂಕ. ಚಿತ್ರ ಪೂರ್ತಿ ಆಗುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಚಿತ್ರದ ಒಂದೊಂದು ಚುಕ್ಕೆಯ ಹೊಳಪು ಎಷ್ಟೆಂದು ಹೇಳುತ್ತ ಬರುತ್ತಿದ್ದ ಅಂಕಿಗಳನ್ನು ಕಾಗದದ ಪಟ್ಟಿಗಳ ಮೇಲೆ ಅಚ್ಚು ಹಾಕಿ, ಪಟ್ಟಿಗಳನ್ನು ಒಂದರ ಪಕ್ಕ ಒಂದು ಹಲಗೆಗೆ ಸ್ಟೇಪಲ್ ಹೊಡೆದು, ಅಂಗಡಿಯಿಂದ ಬಣ್ಣದ ಸೀಮೆಸುಣ್ಣ ತಂದು ಒಂದೊಂದು ಅಂಕಿಗೂ ಕೈಯಲ್ಲೇ ಬಣ್ಣ ತುಂಬಿದರು. ಇಷ್ಟರಿಂದ ಇಷ್ಟರವರೆಗೆ ಹಳದಿ, ಅದರಾಚೆ ಕಂದು, ಹೀಗೆ, ಮಕ್ಕಳ ರಂಗೋಲಿ ಪುಸ್ತಕದ ಥರ. ಬಾಹ್ಯಾಕಾಶದಿಂದ ಬಂದ ಮಂಗಳನ ಮೊದಲ ಚಿತ್ರ ಮೂಡಿದ್ದು ಹಾಗೆ. ಆ ಹಲಗೆ ಇಂದಿಗೂ ಇದೆ.

ಆಮೇಲೆ ಬಂದ ಚಿತ್ರಗಳಲ್ಲಿ, ಮಂಗಳನಲ್ಲಿ ಇವೆಯೆಂದು ಹಲವರು ನಂಬಿದ್ದ ಕಾಲುವೆಯೂ ಇಲ್ಲ, ಹಸಿರೂ ಇಲ್ಲ, ಚಂದ್ರನಲ್ಲಿರುವಂಥ ಕುಳಿಗಳು. ಜನ ಅದನ್ನು ನೋಡಿ ನಿರಾಶರಾದರು. ಆದರೆ ನಿಜವಾದ ಕೆಟ್ಟ ಸುದ್ದಿ ಚಿತ್ರದಲ್ಲಿರಲಿಲ್ಲ. ನೌಕೆ ಮುಂದೆ ಹೋಗುತ್ತ ಮಂಗಳನ ಹಿಂದೆ ಮರೆಯಾಯಿತಲ್ಲ, ಮರೆಯಾಗುವ ಕೆಲವು ಕ್ಷಣ ಅದರ ರೇಡಿಯೋ ಅಲೆ ಅಲ್ಲಿನ ಗಾಳಿಯನ್ನು ತೂರಿಕೊಂಡು ನಮ್ಮತ್ತ ಬಂತು. ಗಾಳಿ ದಟ್ಟವಾಗಿದ್ದಷ್ಟೂ ಅಲೆ ಹೆಚ್ಚು ಬಾಗುತ್ತದೆ. ಎಷ್ಟು ಬಾಗಿತು ಎಂದು ಅಳೆದರೆ ಒತ್ತಡ ಸಿಕ್ಕಿತು. ಅದುವರೆಗೆ ಪುಸ್ತಕಗಳಲ್ಲಿದ್ದ ಅಂದಾಜು 85 ಮಿಲಿಬಾರ್. ಸಿಕ್ಕಿದ್ದು 4ರಿಂದ 7! ನೆನಪಿಡಿ ಎಂದಿದ್ದ 6 ಇದೇ ಸ್ವಾಮಿ. ನಮ್ಮಲ್ಲಿ ಅಷ್ಟು ತೆಳು ಗಾಳಿ ಬೇಕೆಂದರೆ ನೆಲದಿಂದ 35 ಕಿಲೋಮೀಟರ್ ಮೇಲೇರಬೇಕು. ಮಂಗಳನಲ್ಲಿ ಒಂದು ಲೋಟ ನೀರು ಚೆಲ್ಲಿದರೆ ಅದು ಒಂದು ಕಡೆ ಕುದಿಯುತ್ತ ಇನ್ನೊಂದು ಕಡೆ ಹೆಪ್ಪುಗಟ್ಟುತ್ತದೆ.

ಅಲ್ಲಿ ಒಂದು ಕಾಲಕ್ಕೆ ನದಿ ಹರಿದ ಗುರುತುಗಳಿವೆ. ಗಾಳಿ ಎಲ್ಲಿ ಹೋಯಿತು? ಮಂಗಳನ ತೂಕ ಭೂಮಿಯ ಹತ್ತರಲ್ಲಿ ಒಂದು ಪಾಲು. ಇಲ್ಲಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು, ಅಲ್ಲಿ 5 ಸಾಕು. ಹಿಡಿತವೇ ಸಡಿಲ. ಸಣ್ಣ ಪಾತ್ರೆಯ ಸಾರು ಬೇಗ ಆರುವಂತೆ ಅದರ ಒಡಲೂ ಬೇಗ ತಣ್ಣಗಾಯಿತು, ಸೂರ್ಯನ ಕಣಗಳಿಗೆ ಅಡ್ಡ ನಿಲ್ಲುವ ಕಾಂತಕ್ಷೇತ್ರ ಅಡಗಿತು, ಸೋರಿದ್ದನ್ನು ತುಂಬಿಕೊಡುವಷ್ಟು ಜ್ವಾಲಾಮುಖಿಗಳೂ ಉಳಿಯಲಿಲ್ಲ. ಇವತ್ತಿಗೂ ಸೂರ್ಯನಿಂದ ಬೀಸುವ ಕಣಗಳು ಮಂಗಳನ ಗಾಳಿಯನ್ನು ಸೆಕೆಂಡಿಗೆ ಸುಮಾರು 100 ಗ್ರಾಂನಂತೆ ಒಯ್ಯುತ್ತಿವೆ ಎಂದು ಅಮೆರಿಕದ ಮೇವನ್ ನೌಕೆಯ ತಂಡ 2015ರಲ್ಲಿ ಹೇಳಿತು. ಸಣ್ಣ ಕಾಫಿಪುಡಿ ಪೊಟ್ಟಣದಷ್ಟೇ, ಆದರೆ ಕೋಟ್ಯಂತರ ವರ್ಷ ಸೋರಿದರೆ ಲೆಕ್ಕ ಹಾಕಿ. ಸೂರ್ಯ ಎಳೆಯನಾಗಿದ್ದಾಗ ಇದು ಇನ್ನೂ ಜೋರು.

2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನಮ್ಮ ಮಂಗಳಯಾನದಲ್ಲೂ ಈ ಸೋರಿಕೆಯ ಜಾಡು ಹಿಡಿಯಲೆಂದೇ ಬೆಂಗಳೂರಿನಲ್ಲಿ ಮಾಡಿದ ಎರಡು ಕಿಲೋ ತೂಕದ ಒಂದು ಉಪಕರಣವಿತ್ತು, ಲೈಮನ್ ಆಲ್ಫಾ ಫೋಟೋಮೀಟರ್. ನೀರಿನಲ್ಲಿರುವ ಹೈಡ್ರೋಜನ್‌ನಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ಮೊರದಲ್ಲಿ ತೂರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ ಹಗುರದ್ದು ಹಾರಿಹೋಗಿ ಭಾರದ್ದು ಉಳಿಯುತ್ತದೆ. ಭಾರದ್ದು ಹಗುರದ್ದರ ಎಷ್ಟು ಪಾಲು ಎಂದು ನೋಡುವುದೇ ಆ ಉಪಕರಣದ ಕೆಲಸ; ಅದರಿಂದ ಎಷ್ಟು ಹಾರಿತೆಂದು ತಿಳಿಯುತ್ತದೆ. ಮಂಗಳನಲ್ಲಿ ಆ ಪಾಲು ಭೂಮಿಯದರ ಐದಾರು ಪಟ್ಟು.

ಸಮಯ ಓಡುತ್ತಿದೆ, ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಶುಕ್ರನ ಬಗ್ಗೆ ಎರಡೇ ಮಾತು. ಗಾತ್ರದಲ್ಲಿ ಹೆಚ್ಚೂಕಡಿಮೆ ಭೂಮಿಯೇ, ಹಿಡಿತವೂ ಗಟ್ಟಿ. ಆದರೆ ಅಲ್ಲಿನದು ವೆಯ್ಟ್ ಕಚ್ಚಿಕೊಂಡ ಕುಕ್ಕರ್: ನಮ್ಮ 92 ಪಟ್ಟು ಒತ್ತಡ, 465 ಡಿಗ್ರಿ ಸೆಕೆ, ಬಹುಪಾಲು ಕಾರ್ಬನ್ ಡೈ ಆಕ್ಸೈಡ್. ಭೂಮಿಯಲ್ಲಿ ಈ ಅನಿಲ ಮಳೆನೀರಿನಲ್ಲಿ ಕರಗಿ, ಬಂಡೆಯನ್ನು ಸವೆಸಿ, ನದಿಯಲ್ಲಿ ಹರಿದು ಕಡಲ ತಳದಲ್ಲಿ ಸುಣ್ಣದ ಕಲ್ಲಾಗಿ ಕೂರುತ್ತದೆ. ಮನೆಯ ನೆಲಕ್ಕೆ ಹಾಸಿದ್ದೀರಲ್ಲ ಶಹಾಬಾದ್ ಕಲ್ಲು, ಅದರೊಳಗೆ ಕಲ್ಲಾಗಿ ಕೂತ ಗಾಳಿಯಿದೆ. ಸೆಕೆ ಹೆಚ್ಚಾದರೆ ಮಳೆ ಹೆಚ್ಚು, ಅನಿಲ ಇಳಿಯುತ್ತದೆ. ಚಳಿ ಹೆಚ್ಚಾದರೆ ಮಳೆ ಕಡಿಮೆ, ಜ್ವಾಲಾಮುಖಿಗಳು ಮತ್ತೆ ತುಂಬುತ್ತವೆ. ಶುಕ್ರನಲ್ಲಿ ನೀರು ಹೋಯಿತು, ಈ ಚಕ್ರವೂ ನಿಂತಿತು.

ಇನ್ನು ಮನೆಯಲ್ಲಿ ಮಾಡಿ ನೋಡುವುದೊಂದು. ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜ್ ತನ್ನಿ. ನೀರನ್ನು ಚೆನ್ನಾಗಿ ಕುದಿಸಿ ಇಳಿಸಿ, ಆರೇಳು ನಿಮಿಷ ಆರಲಿ. ಕುದಿಸದ ನೀರು ಬೇಡ, ಅದರಲ್ಲಿ ಕರಗಿದ ಗಾಳಿಯೇ ಗುಳ್ಳೆಯಾಗಿ ಮೋಸ ಮಾಡುತ್ತದೆ. 5 ಮಿಲಿಲೀಟರ್ ಎಳೆದುಕೊಂಡು, ಮೂತಿ ಮೇಲೆ ಮಾಡಿ ಒಳಗಿನ ಗಾಳಿಯನ್ನೆಲ್ಲ ಹೊರದೂಡಿ. ಗಾಳಿ ಉಳಿದರೆ ಅದೇ ಹಿಗ್ಗುತ್ತದೆ, ನೀರು ಸುಮ್ಮನಿರುತ್ತದೆ; ಬಹಳ ಜನ ಎಡವುವುದು ಇಲ್ಲೇ. ಈಗ ಮೂತಿಯನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಒತ್ತಿ ಮುಚ್ಚಿ, ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ಮಕ್ಕಳ ಜೊತೆ ದೊಡ್ಡವರಿರಲಿ. ಬೆಂಕಿಯಿಲ್ಲ, ಒಲೆಯಿಲ್ಲ, ನೀರು ಕೊತಕೊತ ಕುದಿಯುತ್ತದೆ. ಹಿಡಿ ಬಿಟ್ಟ ಕೂಡಲೇ ಗುಳ್ಳೆಗಳೆಲ್ಲ ಮಾಯ. ನಮಸ್ಕಾರ.