ಪ್ಯಾರಿಸ್‌ನಲ್ಲಿ ನಡಾಲ್‌ನ ಸೋಲಿಸೋದು ಯಾಕಷ್ಟು ಕಷ್ಟ ಇತ್ತು?

[ಸ್ಕ್ರೀನ್ ಮೇಲೆ: 112–4]

116 ಮ್ಯಾಚ್, 112 ಗೆಲುವು, ಬರೀ 4 ಸೋಲು. ಪ್ಯಾರಿಸ್‌ನಲ್ಲಿ ಮಣ್ಣಿನ ಅಂಕಣದ ಮೇಲೆ ನಡೆಯೋ ಫ್ರೆಂಚ್ ಓಪನ್ ಟೆನಿಸ್‌ನಲ್ಲಿ ರಫೇಲ್ ನಡಾಲ್ ಲೆಕ್ಕ ಇದು. ಒಂದೇ ಟೂರ್ನಿಯಲ್ಲಿ 14 ಪ್ರಶಸ್ತಿ! ಹೇಗೆ ಸಾಧ್ಯ?

ಹುಟ್ಟಿದ್ದು 1986ರಲ್ಲಿ, ಸ್ಪೇನ್‌ನ ಮಯೋರ್ಕಾ ದ್ವೀಪದ ಮನಾಕೋರ್‌ನಲ್ಲಿ. ಆಟ ಕಲಿಸಿದ್ದು ಅಪ್ಪನ ಸೋದರ ಟೋನಿ. ಒಟ್ಟು 22 ಗ್ರ್ಯಾಂಡ್‌ಸ್ಲಾಮ್, ಅಂದ್ರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳ ಪ್ರಶಸ್ತಿ. 2024ರ ನವೆಂಬರ್‌ನಲ್ಲಿ ಮಲಗಾದಲ್ಲಿ, ದೇಶ-ದೇಶಗಳ ನಡುವಿನ ಡೇವಿಸ್ ಕಪ್‌ನಲ್ಲಿ ಕೊನೇ ಮ್ಯಾಚ್. ಬಯೋಡೇಟಾ ಮುಗೀತು, ಈಗ ಚೆಂಡಿಗೆ ಬರೋಣ.

[ಸ್ಲೋ ಮೋಷನ್: ಫೋರ್‌ಹ್ಯಾಂಡ್]

ಹೈಸ್ಪೀಡ್ ಕ್ಯಾಮೆರಾದಲ್ಲಿ ಅಳೆದಾಗ ಇವನ ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈ ಕಡೆಯಿಂದ ಹೊಡೆಯೋ ಹೊಡೆತ) ಚೆಂಡು ತಿರುಗ್ತಾ ಇದ್ದದ್ದು ನಿಮಿಷಕ್ಕೆ ಸರಾಸರಿ 3,200 ಸುತ್ತು. ಕೆಲವು ಹೊಡೆತ 4,900ರ ಹತ್ತಿರ. ತಲೆ ಎತ್ತಿ ನಿಮ್ಮ ಸೀಲಿಂಗ್ ಫ್ಯಾನ್ ನೋಡಿ. ಐದರಲ್ಲಿಟ್ಟರೂ ಅದು ಸುಮಾರು 350. ಅಂದ್ರೆ ಫ್ಯಾನ್‌ಗಿಂತ ಒಂಬತ್ತು ಪಟ್ಟು ಜೋರಾಗಿ ತಿರುಗೋ ಚೆಂಡು ನಿಮ್ಮ ಮೈಮೇಲೆ ಬರ್ತಿದೆ. ಹಾಗೆ ಮುಂದಕ್ಕೆ ಉರುಳೋ ಚೆಂಡನ್ನ ಗಾಳಿ ಕೆಳಕ್ಕೆ ಒತ್ತುತ್ತೆ. ಅದಕ್ಕೇ ನೆಟ್ ಮೇಲೆ ಅಷ್ಟೆತ್ತರ ಹೋದರೂ ಗೆರೆ ದಾಟಲ್ಲ, ಬಿದ್ದ ಮೇಲೆ ಛಂಗನೆ ಏಳುತ್ತೆ.

ಈಗ ಅಂಕಣ. ಮಣ್ಣು ಅಂತೀವಿ, ಆದರೆ ಮೇಲಿರೋದು ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ, ಅದರಡಿ ಪುಡಿಮಾಡಿ ಒತ್ತಿದ ಸುಣ್ಣಕಲ್ಲು. ಚೆಂಡು ಅಲ್ಲಿ ಜಾರಲ್ಲ, ಕಚ್ಚುತ್ತೆ. ವೇಗ ಕಳ್ಕೊಂಡು ಮೇಲಕ್ಕೆ ಪುಟಿಯುತ್ತೆ. ನಡಾಲ್ ಬರೆಯೋದು ಬಲಗೈಲಿ, ಆಡೋದು ಎಡಗೈಲಿ. ಹಾಗಾಗಿ ಅವನ ಕ್ರಾಸ್‌ಕೋರ್ಟ್, ಅಂದ್ರೆ ಮೂಲೆಯಿಂದ ಮೂಲೆಗೆ ಹೊಡೆಯೋ ಫೋರ್‌ಹ್ಯಾಂಡ್ ನೇರ ಹೋಗೋದು ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್‌ಗೆ, ಅಂದ್ರೆ ಎಡಪಕ್ಕಕ್ಕೆ, ಅದೂ ಭುಜದ ಎತ್ತರಕ್ಕೆ. ಒಂದೇ ಕೈಲಿ ಬ್ಯಾಕ್‌ಹ್ಯಾಂಡ್ ಹೊಡೆಯೋರಿಗೆ ಆ ಎತ್ತರದಲ್ಲಿ ಬಲ ಸಿಗಲ್ಲ. ಒಂದೇ ಕೈಲಿ ಹೊಡೆಯೋ ಫೆಡರರ್ ಅಲ್ಲಿ ಆರು ಸಲ ಎದುರಾದ, ಆರೂ ಸಲ ಸೋತ.

ಹಾಗಾದ್ರೆ ಸೋಲಿಸಿದ್ದು ಯಾರು? 2009ರಲ್ಲಿ ಸೋಡರ್ಲಿಂಗ್, 2015 ಮತ್ತು 2021ರಲ್ಲಿ ಜೊಕೊವಿಚ್, 2024ರಲ್ಲಿ ಜ್ವೆರೆವ್. ಮೂವರದ್ದೂ ಎರಡು ಕೈಯ ಬ್ಯಾಕ್‌ಹ್ಯಾಂಡ್! ಸೋಡರ್ಲಿಂಗ್, ಜ್ವೆರೆವ್ ಇಬ್ಬರೂ ಆರಡಿ ಮೀರಿದ ಆಳುಗಳು. ಬೇರೆಯವರ ಭುಜಕ್ಕೆ ಬರೋ ಚೆಂಡು ಇವರ ಎದೆಗೆ.

ಚಳಿ, ತೇವ ಇದ್ದರೆ ಚೆಂಡು ಭಾರವಾಗುತ್ತೆ, ಅಷ್ಟು ಏಳಲ್ಲ. 2020ರಲ್ಲಿ ಟೂರ್ನಿ ಚಳಿ ಇರೋ ಸೆಪ್ಟೆಂಬರ್-ಅಕ್ಟೋಬರ್‌ಗೆ ಹೋದಾಗ ಕಥೆ ಮುಗೀತು ಅಂದ್ಕೊಂಡ್ರು. ಫೈನಲ್‌ನಲ್ಲಿ ಜೊಕೊವಿಚ್‌ನ 6-0, 6-2, 7-5ರಲ್ಲಿ ಸೋಲಿಸಿದ! ಅಂದ್ರೆ ಸ್ಪಿನ್, ಆ ಚೆಂಡಿನ ತಿರುಗಾಟ, ಅರ್ಧ ಉತ್ತರ ಅಷ್ಟೇ, ಉಳಿದರ್ಧ ಅವನ ಕಾಲಿನ ಓಟ.

ಆ ಕಾಲಿನ ಕಥೆ ಬೇಗ ಹೇಳ್ತೀನಿ, ಟೈಮ್ ಆಗ್ತಿದೆ. ಎಡಪಾದದ ಮೂಳೆಗೆ ಮುಲ್ಲರ್-ವೈಸ್ ಅನ್ನೋ ತೊಂದರೆ. 2022ರಲ್ಲಿ ನರ ಮರಗಟ್ಟೋ ಇಂಜೆಕ್ಷನ್ ತಗೊಂಡೇ ಪ್ರಶಸ್ತಿ ಗೆದ್ದ. ಹೆಜ್ಜೆ ಎಲ್ಲಿ ಬಿತ್ತು ಅಂತಾನೇ ಗೊತ್ತಾಗದೆ ಓಡೋದು, ಕಣಕಾಲು ಉಳುಕಿದರೆ ಗತಿಯೇನು?

ಅಭಿಮಾನಿಗಳಿಗೊಂದು ಎಚ್ಚರಿಕೆ: ಅವನು ಬಳಸ್ತಿದ್ದ 1.35 ಎಂಎಂ ಪಾಲಿಯೆಸ್ಟರ್ ರಾಕೆಟ್ ಸ್ಟ್ರಿಂಗನ್ನ 55 ಪೌಂಡ್‌ಗೆ ಬಿಗಿಸ್ಕೊಂಡು ಬರಬೇಡಿ. ಅಷ್ಟು ಜೋರಾಗಿ ಬೀಸದಿದ್ದರೆ ಸ್ಟ್ರಿಂಗ್ ಸರಿದು ವಾಪಸ್ ಚಿಮ್ಮಲ್ಲ, ಸ್ಪಿನ್ನೂ ಬರಲ್ಲ. ಬರೋದು ಮೊಣಕೈ ನೋವು.

ಜನಪ್ರಿಯತೆ? ಲೇಬಲ್ ಸಮ ಬರೋ ಹಾಗೆ ಬಾಟಲಿ ಜೋಡಿಸೋದು, ಸರ್ವ್‌ಗೆ ಮುಂಚೆ ಮೂಗು-ಕಿವಿ ಮುಟ್ಟೋದು, ಎಲ್ಲಾ ಮೀಮ್ ಆಯ್ತು. ನಮ್ಮ ಪಕ್ಕದ ಅನಂತಪುರದಲ್ಲಿ 2010ರಲ್ಲಿ ಅವನ ಫೌಂಡೇಶನ್ ಮಕ್ಕಳಿಗಾಗಿ ಟೆನಿಸ್ ಶಾಲೆ ತೆರೀತು. ಪಾಠದ ಜೊತೆ ಆಟ. ಆ ಶಾಲೆ ನೋಡೋಕೆ ಅವನೇ ಬಂದಿದ್ದ.