ಸ್ವರ್ಗದ ದಾರಿಯಲ್ಲಿ ಆಡ್ರಿ ಹೆಪ್‌ಬರ್ನ್

ನಮಸ್ಕಾರ. ನೀವೀಗ ನೋಡುತ್ತಿರುವುದು ಪೆರ್ಲದಿಂದ ಪಡ್ರೆಗೆ ಹೋಗುವ ರಸ್ತೆ. ಮೇಲೆ ಗೇರುಗುಡ್ಡ, ಕೆಳಗೆ ಅಡಿಕೆ ತೋಟ. ಮುಂದೆ ಸಿಗುವ ಊರಿನ ಹೆಸರು ಸ್ವರ್ಗ. ಹೌದು, ಕಾಸರಗೋಡಿನ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಆ ಹೆಸರಿನ ಊರೇ ಇದೆ.

ನಿನ್ನೆ ರಾತ್ರಿ ಅಜ್ಜಿಯ ಜೊತೆ ಕೂತು ‘ರೋಮನ್ ಹಾಲಿಡೇ’ ನೋಡಿದೆ. 1953ರ ಸಿನಿಮಾ, ನಾಯಕಿ ಆಡ್ರಿ ಹೆಪ್‌ಬರ್ನ್. ಅಜ್ಜಿಗೆ ಇಂಗ್ಲಿಷ್ ಬಾರದು, ಆದರೂ ಕಣ್ಣು ತೆಗೆಯಲಿಲ್ಲ. ನಡುವೆ ಒಂದೇ ಪ್ರಶ್ನೆ: “ಈ ಹುಡುಗಿ ಯಾಕೆ ಮಗಾ ಇಷ್ಟು ಸಪೂರ? ಸರಿಯಾಗಿ ಉಣ್ಣಲಿಲ್ಲವಾ?”

ನಿಜಕ್ಕೂ ಉಂಡಿರಲಿಲ್ಲ. ಹುಟ್ಟಿದ್ದು 1929ರಲ್ಲಿ, ಬ್ರಸೆಲ್ಸಿನಲ್ಲಿ. ಯುದ್ಧ ಕಳೆದದ್ದು ಜರ್ಮನರು ಹಿಡಿದಿದ್ದ ಹಾಲೆಂಡಿನಲ್ಲಿ. 1944ರ ಚಳಿಗಾಲ ಅಲ್ಲಿ ಊಟಕ್ಕೇ ಗತಿ ಇರಲಿಲ್ಲ. ಜನ ಟ್ಯೂಲಿಪ್ ಹೂವಿನ ಗೆಡ್ಡೆ ತಿಂದು ಜೀವ ಹಿಡಿದರು. ಆಗ ಆಡ್ರಿಗೆ 15 ವರ್ಷ. ಯುದ್ಧ ಮುಗಿದ ಮೇಲೆ ಪರಿಹಾರದ ಲಾರಿಗಳಲ್ಲಿ ಊಟ, ಔಷಧಿ ಬಂತು. ಬ್ಯಾಲೆ ನರ್ತಕಿಯಾಗುವ ಆಸೆ ಮಾತ್ರ ಕೈಗೂಡಲಿಲ್ಲ. ಹಸಿವು ಮೈಯನ್ನು ಅಷ್ಟು ಸೋಲಿಸಿತ್ತು.

ಇದನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮಗೂ ಶಾಲೆಯಲ್ಲಿ ಹಾಲಿನ ಹುಡಿ ಕದಡಿ ಒಂದೊಂದು ಕುಡ್ತೆ ಕೊಡುತ್ತಿದ್ದರು. ಎಲ್ಲಿಂದ ಬರುತ್ತಿತ್ತೋ, ಆ ಬಿಸಿ ಈಗಲೂ ನೆನಪುಂಟು” ಎಂದರು.

ಆಡ್ರಿಯವರ ಮೊದಲ ದೊಡ್ಡ ಪಾತ್ರಕ್ಕೇ ಆಸ್ಕರ್ ಬಂತು. ಅದೇ 1954ರಲ್ಲಿ ನಾಟಕಕ್ಕೆ ಟೋನಿ ಪ್ರಶಸ್ತಿ. ಶ್ರೇಷ್ಠ ನಟಿಯ ಆಸ್ಕರಿಗೆ ಒಟ್ಟು ಐದು ಸಲ ನಾಮನಿರ್ದೇಶನ. 1967ರ ನಂತರ ಮಕ್ಕಳಿಗಾಗಿ ಸಿನಿಮಾ ಕಡಿಮೆ ಮಾಡಿದರು. ಇಷ್ಟು ಎಲ್ಲರಿಗೂ ಗೊತ್ತಿರುವ ಕತೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಬದುಕಿನ ಕೊನೆಯ ಐದು ವರ್ಷ.

1988ರಲ್ಲಿ, 58ನೇ ವಯಸ್ಸಿನಲ್ಲಿ, ಮಕ್ಕಳಿಗಾಗಿ ಇರುವ ವಿಶ್ವಸಂಸ್ಥೆಯ ಅಂಗ ಯುನಿಸೆಫ್‌ನ ರಾಯಭಾರಿಯಾಗಿ ಬರ ಬಿದ್ದ ಇಥಿಯೋಪಿಯಾಕ್ಕೆ ಹೋದರು. ಆಮೇಲೆ ಟರ್ಕಿಯಲ್ಲಿ ಲಸಿಕೆ ಕೆಲಸ, ಬಾಂಗ್ಲಾದೇಶ, ವಿಯೆಟ್ನಾಂ. ಹೋಗಿ ಕೈಬೀಸಿ ಬಂದದ್ದಲ್ಲ. ಕಂಡದ್ದನ್ನು ಪತ್ರಕರ್ತರ ಮುಂದೆ ಹೇಳಿದರು, 1989ರಲ್ಲಿ ಅಮೆರಿಕದ ಕಾಂಗ್ರೆಸ್ಸಿನಲ್ಲೂ ಹೇಳಿದರು. 1992ರ ಸೆಪ್ಟೆಂಬರಿನಲ್ಲಿ ಸೊಮಾಲಿಯಾಕ್ಕೆ ಹೋಗಿ ಬಂದ ಕೆಲವೇ ವಾರಗಳಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 1993ರ ಜನವರಿ 20ಕ್ಕೆ ತೀರಿಕೊಂಡರು. ಆ ವರ್ಷ ಆಸ್ಕರ್ ವೇದಿಕೆಯಲ್ಲಿ ಮಾನವೀಯ ಸೇವೆಯ ಪ್ರಶಸ್ತಿ ಕೊಟ್ಟಾಗ ಅವರಿರಲಿಲ್ಲ.

ತನ್ನ ಹಿಂದೆ ಬರುವ ಕ್ಯಾಮರಾವನ್ನು ಅವರು ಮಕ್ಕಳ ಕಡೆ ತಿರುಗಿಸಿದರು. ಆ ಮಕ್ಕಳ ಕಷ್ಟ ಇನ್ನಷ್ಟು ಜನರಿಗೆ ಕಾಣಬೇಕಿತ್ತು. ನಮ್ಮಲ್ಲಿ ಹಾಗಲ್ಲ. ಈ ಗೇರುಗುಡ್ಡಗಳ ಮೇಲೆ 2000ದವರೆಗೆ 20ಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕಾಯಿಲೆ ಬಿದ್ದ ಇಲ್ಲಿಯ ಮಕ್ಕಳ ಫೋಟೋ ಊರೂರು ಸುತ್ತಿದೆ. ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧ ಹೇರಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಮುಖ ತೋರಿಸಿದ್ದು ಸಾಕು. ಕೇಳಿಸಿಕೊಳ್ಳುವುದು ಬಾಕಿ ಇದೆ ಎಂದು ನನಗನಿಸುತ್ತದೆ.

ಈ ತಿರುವು ಇಳಿದರೆ ಅಂಥ ಒಂದು ಕುಟುಂಬದ ಮನೆ. ಮಗಳು ಚಾವಡಿಯಲ್ಲಿ ಮಲಗಿರುತ್ತಾಳೆ, ಅವಳನ್ನು ತೋರಿಸುವುದಿಲ್ಲ. ಅಮ್ಮ ಮಾತಾಡುತ್ತೇನೆ ಎಂದಿದ್ದಾರೆ: ಔಷಧಿಯ ಖರ್ಚು, ಆಸ್ಪತ್ರೆಯ ದಾರಿ, ರಾತ್ರಿಯ ನಿದ್ದೆ. ಕ್ಯಾಮರಾ ಚೀಲಕ್ಕೆ ಹಾಕುತ್ತಿದ್ದೇನೆ. ಇಲ್ಲಿಂದ ಮುಂದೆ ಅವರ ಧ್ವನಿ ಮಾತ್ರ.